ನಾಯಿಗೂ ಒಂದು ಟಿಕೀಟು: ಟೆಕ್ಸಾಸಿನಿಂದ ಒಂದು ಚೀಲದ ಲೆಕ್ಕ

ಕಳೆದ ಜೂನ್‌ನ ಒಂದು ಭಾನುವಾರ ಬೆಳಿಗ್ಗೆ ತಿಪಟೂರಿನಿಂದ ಅಮ್ಮನ ವಿಡಿಯೊ ಕರೆ ಬಂತು. ಆಗ ನಾನು ನಮ್ಮ ನಾಯಿ ಚಿನ್ನುವನ್ನು ಊಟದ ಮೇಜಿನ ಮೇಲೆ ನಿಲ್ಲಿಸಿಕೊಂಡು ಟೇಪು ಹಿಡಿದು ಅಳತೆ ತೆಗೆಯುತ್ತಿದ್ದೆ.

"ಏನೋ ಅದು, ನಾಯಿಗೆ ಅಂಗಿ ಹೊಲಿಸ್ತಿದ್ದೀಯೇನೋ?" ಎಂದಳು ಅಮ್ಮ.

"ಇಲ್ಲಮ್ಮ, ವಿಮಾನದಲ್ಲಿ ಕರ್ಕೊಂಡು ಹೋಗ್ಬೇಕು. ಅದಕ್ಕೆ ಸರಿಯಾದ ಚೀಲ ತಗೋಬೇಕು."

"ಅದಕ್ಕೂ ಟಿಕೀಟಾ?"

"ಹೂಂ. ಒಂದು ಕಡೆಗೆ ನೂರಿಪ್ಪತ್ತೈದು ಡಾಲರ್."

ಅಮ್ಮ ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಿರಬೇಕು. "ಆ ದುಡ್ಡಲ್ಲಿ ಹಸುವಿಗೆ ಎಷ್ಟು ದಿನದ ಹಿಂಡಿ ಬೂಸಾ ಬರ್ತಿತ್ತು" ಎಂದು ನಿಟ್ಟುಸಿರು ಬಿಟ್ಟಳು. ಬೇಸಿಗೆ ರಜೆಗೆಂದು ಅಜ್ಜಿಯ ಮನೆಯಲ್ಲಿದ್ದ ನನ್ನ ಹನ್ನೊಂದು ವರ್ಷದ ಮಗಳು ಅಷ್ಟರಲ್ಲಿ ಫೋನಿಗೆ ಮುಖ ತೂರಿಸಿದಳು. "ಅಪ್ಪ, ಅವಳನ್ನ ಮೇಲಿನ ಪೆಟ್ಟಿಗೇಲಿ ಇಡೋಕೆ ಯಾರಿಗೂ ಬಿಡಬೇಡ. ಪ್ರಾಮಿಸ್ ಮಾಡು" ಎಂದಳು. ನಾನು ಪ್ರಾಮಿಸ್ ಮಾಡಿದೆ. ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ನಾನಿರುವುದು ಡಲ್ಲಾಸ್ ನಗರದ ಉತ್ತರಕ್ಕಿರುವ ಫ್ರಿಸ್ಕೊದಲ್ಲಿ. ತುಮಕೂರಿನಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ, ಹದಿನಾಲ್ಕು ವರ್ಷಗಳಿಂದ ಇಲ್ಲೊಂದು ಕಂಪನಿಯ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ಕಂಪನಿಯ ಇನ್ನೊಂದು ಕಚೇರಿ ಹ್ಯೂಸ್ಟನ್ನಿನಲ್ಲಿದೆ. ತಿಂಗಳ ಲೆಕ್ಕ ಮುಗಿಸಲು ಮೂರ‍್ನಾಲ್ಕು ದಿನ ಅಲ್ಲಿಗೆ ಹೋಗಬೇಕು. ಹೆಂಡತಿ ಮಗಳು ಊರಿಗೆ ಹೋದಾಗ ಚಿನ್ನುವನ್ನು ನೋಡಿಕೊಳ್ಳುವವರು ಯಾರು? ಹ್ಯೂಸ್ಟನ್ನಿನಲ್ಲೇ ನನ್ನ ತಂಗಿಯ ಮನೆಯಿದೆ. ಹಾಗಾಗಿ ನಾನು ಹೋದಲ್ಲಿಗೆ ಅವಳೂ ಬರುವುದೆಂದಾಯಿತು. ಕೆಲವು ಸಲ ಕಾರಿನಲ್ಲಿ, ಕೆಲವು ಸಲ ವಿಮಾನದಲ್ಲಿ.

ಟೇಪು ಹಿಡಿಯುವ ಬುದ್ಧಿ ಬಂದದ್ದು ಮೊದಲ ಚೀಲದಲ್ಲಿ ಪೆಟ್ಟು ತಿಂದ ಮೇಲೆ. ಆ ಚೀಲವನ್ನು ನಾನು ಚಿತ್ರ ನೋಡಿ ಕೊಂಡಿದ್ದೆ. ಬೆನ್ನಿಗೆ ಹಾಕಿಕೊಳ್ಳುವ ಮಾದರಿ, ಮುಂದೆ ಗುಂಡಗಿನ ಪಾರದರ್ಶಕ ಕಿಟಕಿ. ಅದರೊಳಗಿನಿಂದ ಚಿನ್ನು ಗಗನಯಾನಿಯ ಹಾಗೆ ಹೊರಗೆ ನೋಡುತ್ತಿದ್ದಳು. ಮಗಳಿಗೆ ಬಹಳ ಇಷ್ಟವಾಗಿತ್ತು. ಚೀಟಿಯ ಮೇಲೆ 'ಏರ್‌ಲೈನ್ ಅಪ್ರೂವ್ಡ್' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹೆಣ್ಣುಮಗಳು ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಅಳತೆಪಟ್ಟಿ ತೆಗೆದಳು. ಎತ್ತರ ಹದಿನೇಳು ಇಂಚು. ಯಾವ ಸೀಟಿನ ಕೆಳಗೂ ಅದು ಹೋಗುವ ಹಾಗಿರಲಿಲ್ಲ, ಅಡ್ಡ ಮಲಗಿಸಿದರೆ ನಾಯಿ ಕಿಟಕಿಯ ಮೇಲೆ ಬೀಳುತ್ತಿತ್ತು. ಆಕೆ ಮರ್ಯಾದೆಯಿಂದಲೇ ಆಗುವುದಿಲ್ಲ ಎಂದಳು. ತಪ್ಪು ನನ್ನದೇ. ಟಿಕೆಟ್ ಬಿಟ್ಟು, ಮನೆಗೆ ಮರಳಿ, ಕಾರಿನಲ್ಲಿ ನಾಲ್ಕು ಗಂಟೆ ಓಡಿಸಿಕೊಂಡು ಹೋದೆ.

ಆ ಚೀಟಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಲೆಕ್ಕ ಪರಿಶೋಧಕನಾದ ನಾನೇ ಅದಕ್ಕೆ ಮೋಸ ಹೋದೆ. 'ಅಪ್ರೂವ್ಡ್' ಎಂದು ಬರೆದಿದ್ದರೆ ಯಾರು ಅಪ್ರೂವ್ ಮಾಡಿದರು ಎಂದು ನಾನು ಕೇಳಬೇಕಿತ್ತು. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ಯಾವ ನಾಯಿಚೀಲಕ್ಕೂ ಮುದ್ರೆ ಒತ್ತುವುದಿಲ್ಲ. ಅದರ ಕಣ್ಣಿಗೆ ನಾಯಿಯಿರುವ ಚೀಲ ಕೈಯಲ್ಲಿ ಒಯ್ಯುವ ಲಗೇಜು, ಅಷ್ಟೆ. ಮುಂದಿನ ಸೀಟಿನ ಕೆಳಗೆ ಹಿಡಿಸಬೇಕು, ಯಾರಿಗೂ ನಡುದಾರಿಗೆ ಹೋಗಲು ಅಡ್ಡವಾಗಬಾರದು, ಬಾಗಿಲು ಮುಚ್ಚುವ ಮೊದಲು ಅದರ ಜಾಗದಲ್ಲಿರಬೇಕು, ವಿಮಾನ ನೆಲದ ಮೇಲೆ ಓಡುವಾಗ, ಏರುವಾಗ, ಇಳಿಯುವಾಗ ಅಲ್ಲಿಂದ ಕದಲಬಾರದು. ಇಂಚಿನ ಲೆಕ್ಕವನ್ನು ಪ್ರತಿ ವಿಮಾನ ಕಂಪನಿಯೂ ತಾನೇ ಬರೆದುಕೊಳ್ಳುತ್ತದೆ. ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಡಲ್ಲಾಸಿನವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ನಮ್ಮೂರಲ್ಲೇ ಎರಡು ದೊಡ್ಡ ಕಂಪನಿಗಳ ತವರಿದೆ. ಲವ್ ಫೀಲ್ಡ್ ನಿಲ್ದಾಣ ಸೌತ್‌ವೆಸ್ಟ್‌ನದು, ಡಿಎಫ್‌ಡಬ್ಲ್ಯೂ ನಿಲ್ದಾಣ ಅಮೆರಿಕನ್‌ನದು. ಸೌತ್‌ವೆಸ್ಟ್ ಹೇಳುವ ಗರಿಷ್ಠ ಅಳತೆ ಉದ್ದ ಹದಿನೆಂಟೂವರೆ, ಅಗಲ ಹದಿಮೂರೂವರೆ, ಎತ್ತರ ಎಂಟೂವರೆ ಇಂಚು. ಅಮೆರಿಕನ್‌ನಲ್ಲಿ ಮೆತ್ತನೆ ಚೀಲಕ್ಕೆ 18, 11, 11 ಇಂಚು. ಹ್ಯೂಸ್ಟನ್ನಿನಲ್ಲಿ ದೊಡ್ಡ ನೆಲೆಯಿರುವ ಯುನೈಟೆಡ್‌ನಲ್ಲೂ ಮೆತ್ತನೆಯದಕ್ಕೆ ಇದೇ 18, 11, 11. ಗಟ್ಟಿ ಪೆಟ್ಟಿಗೆಯಾದರೆ ಇನ್ನೂ ತಗ್ಗಿರಬೇಕು. ಎತ್ತರದ ಅಂಕಿಯನ್ನು ನೋಡಿ. ಎಂಟೂವರೆಗೂ ಹನ್ನೊಂದಕ್ಕೂ ಎರಡೂವರೆ ಇಂಚು ವ್ಯತ್ಯಾಸ. ಸೂಟ್‌ಕೇಸಿನಲ್ಲಿ ಎರಡೂವರೆ ಇಂಚು ಏನೂ ಅಲ್ಲ, ಆದರೆ ನಾಯಿ ತಲೆ ಎತ್ತಿ ಕೂರುತ್ತದೋ ಬಗ್ಗಿಕೊಂಡೇ ಇರುತ್ತದೋ ಎಂಬುದು ಅದರಲ್ಲೇ ತೀರ್ಮಾನವಾಗುತ್ತದೆ. ನಾಯಿ ಒಳಗೆ ನಿಂತು ತಿರುಗುವಂತಿರಬೇಕು ಎಂಬ ನಿಯಮವೂ ಈ ಕಂಪನಿಗಳಲ್ಲಿದೆ. ಅಂದರೆ ಚೀಲ ಚಿಕ್ಕದಾದರೂ ಕೌಂಟರಿನಲ್ಲಿ ಬೇಡ ಎನ್ನಬಹುದು, ದೊಡ್ಡದಾದರೂ ಬೇಡ ಎನ್ನಬಹುದು.

ಶುಲ್ಕ ಸೌತ್‌ವೆಸ್ಟ್‌ನಲ್ಲಿ ಒಂದು ಕಡೆಗೆ 125 ಡಾಲರ್, ಉಳಿದೆರಡರಲ್ಲಿ 150. ಇದು ಬದಲಾಗುತ್ತಲೇ ಇರುತ್ತದೆ, ಕಟ್ಟುವ ಮೊದಲು ನೋಡಿಕೊಳ್ಳಿ. ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಸುಮಾರು 240 ಮೈಲಿ. ಹೋಗಿಬರಲು ನನ್ನ ಕಾರಿಗೆ ಹದಿನಾರು ಗ್ಯಾಲನ್ ಪೆಟ್ರೋಲು ಸಾಕು. ಐವತ್ತು ಡಾಲರಿಗೆ ಆಗುವ ಕೆಲಸಕ್ಕೆ ನಾಯಿಯ ಬಾಬ್ತು ಒಂದೇ 250 ಡಾಲರ್ ಬರೆಯುವುದು ನನ್ನಂಥವನಿಗೆ ಹೊಟ್ಟೆ ಉರಿಯುವ ವಿಷಯ. ಆದರೆ ತಿಂಗಳ ಕೊನೆಯಲ್ಲಿ, ರಾತ್ರಿ ಎರಡು ಗಂಟೆಯವರೆಗೆ ಲೆಕ್ಕ ನೋಡಿದ ಮರುದಿನ, ಐ-45 ಹೆದ್ದಾರಿಯಲ್ಲಿ ಒಬ್ಬನೇ ನಾಲ್ಕು ಗಂಟೆ ಓಡಿಸುವುದು ಸರಿಯಲ್ಲ ಎಂದು ಹೆಂಡತಿಯ ಅಪ್ಪಣೆಯಾಗಿತ್ತು.

ಎರಡನೆಯ ಸಲ ಅಳೆದೇ ಕೊಂಡೆ. ಅಳೆಯುವುದು ಹೇಗೆಂದರೆ, ನಾಯಿಯನ್ನು ಗೋಡೆಗೆ ಒತ್ತಿ ನೇರ ನಿಲ್ಲಿಸಿ, ಎದೆಯಿಂದ ಬಾಲದ ಬುಡದವರೆಗೆ ಉದ್ದ, ನೆಲದಿಂದ ಭುಜದವರೆಗೆ ಮತ್ತು ತಲೆಯವರೆಗೆ ಎತ್ತರ ತೆಗೆಯಬೇಕು. ಬಾಲ ಲೆಕ್ಕಕ್ಕಿಲ್ಲ. ಚಿನ್ನು ಶಿಹ್‌ಜು ಮತ್ತು ಮಾಲ್ಟೀಸ್ ಬೆರಕೆ. ಉದ್ದ ಹದಿಮೂರು, ಭುಜಕ್ಕೆ ಎಂಟೂಕಾಲು, ತಲೆಗೆ ಹನ್ನೊಂದರ ಮೇಲೆ ಒಂದು ಚೂರು, ತೂಕ ನಾಲ್ಕು ಕಿಲೊ ಚಿಲ್ಲರೆ. ಎಂಟೂವರೆ ಇಂಚಿನ ಚೀಲದಲ್ಲಿ ಅವಳು ನಿಲ್ಲಬಹುದು, ತಲೆ ಮಾತ್ರ ತಗ್ಗಿಸಿಕೊಂಡೇ ಇರಬೇಕು. ಹನ್ನೊಂದು ಇಂಚಿನದರಲ್ಲಿ ಆರಾಮ. ಹಾಗಾದರೆ ನನ್ನ ಕಂಪನಿ ಯಾವುದೆಂದು ಚಿನ್ನುವೇ ಹೇಳಿದಂತಾಯಿತು.

ನಾವು ಮಾಡುವುದು ಇದರ ತಲೆಕೆಳಗು. ಮೊದಲು ಅಗ್ಗದ ಟಿಕೆಟ್ ಹುಡುಕುತ್ತೇವೆ, ಆಮೇಲೆ ಆ ಟಿಕೆಟ್ಟಿಗೆ ತಕ್ಕ ಚೀಲ, ಕೊನೆಗೆ ಆ ಚೀಲದೊಳಗೆ ನಾಯಿಯನ್ನು ತುರುಕುತ್ತೇವೆ. ಡಲ್ಲಾಸಿನ ಮಲ್ಲಿಗೆ ಕನ್ನಡ ಸಂಘದ ಊಟದ ಸಾಲಿನಲ್ಲಿ ನಾಯಿ ಸಾಕಿದ ನಾಲ್ಕೈದು ಮನೆಯವರೊಡನೆ ಈ ಮಾತು ಬಂದಾಗ ಎಲ್ಲರೂ ಒಪ್ಪಿದರು. ಎಲ್ಲರ ಮನೆಯಲ್ಲೂ ಬಳಸದ ಒಂದು ಚೀಲ ಬಿದ್ದಿತ್ತು.

ಇನ್ನು ಅಂಗಡಿಯಲ್ಲಿ ಏನು ನೋಡಬೇಕು? ಕೈಹಾಕಿ ತಳ ಒತ್ತಿ ನೋಡಿ. ತಳದ ಹಲಗೆ ಜೋಲುಬಿದ್ದರೆ ನಾಯಿ ನಡುವಿನ ತಗ್ಗಿಗೆ ಜಾರಿ ಗಂಟೆಗಟ್ಟಲೆ ಮುದುಡಿಕೊಂಡಿರುತ್ತದೆ. ಜಾಲರಿ ಕನಿಷ್ಠ ಮೂರು ಕಡೆ ಇರಲಿ. ಸೀಟಿನ ಕೆಳಗೆ ಹೋದ ಮೇಲೆ ಒಂದು ಪಕ್ಕ ಸೀಟಿನ ಕಾಲಿಗೂ ಇನ್ನೊಂದು ನಿಮ್ಮ ಶೂಗೂ ಒತ್ತಿಕೊಳ್ಳುತ್ತದೆ, ಗಾಳಿ ಬರುವುದು ಉಳಿದ ಕಡೆಯಿಂದ. ನಾನು ಕೊಂಡದ್ದರ ಮೇಲಂಚಿನಲ್ಲಿ ಬಗ್ಗುವ ತಂತಿಯಿದೆ, ತಗ್ಗಾದ ಕಡೆ ಸ್ವಲ್ಪ ಮಣಿಯುತ್ತದೆ. ಮೆತ್ತನೆ ಚೀಲದ ಲಾಭ ಇದೇ. ಬಾಗಿಲು ಮುಂದೆಯೂ ಇರಬೇಕು, ಮೇಲೂ ಇರಬೇಕು. ಇಕ್ಕಟ್ಟಿನ ಸೀಟಿನಲ್ಲಿ ಕೂತು ನಾಯಿಯ ತಲೆ ಸವರಲು ಮೇಲಿನ ಬಾಗಿಲೇ ಗತಿ. ಒಳಗೆ ಕೊರಳಪಟ್ಟಿಗೆ ಸಿಕ್ಕಿಸುವ ಗಿಡ್ಡ ಪಟ್ಟಿ, ಜಿಪ್ಪಿಗೆ ಕೊಂಡಿ. ಜಿಪ್ಪನ್ನು ಮೂಗಿನಿಂದ ತಳ್ಳಿ ತೆರೆಯುವ ವಿದ್ಯೆ ಚಿನ್ನುವಿಗೆ ಎರಡೇ ದಿನದಲ್ಲಿ ಬಂದಿತ್ತು. ಚಕ್ರವಿರುವ ಚೀಲ ಎಳೆಯಲು ಸುಖ, ಆದರೆ ಚಕ್ರವೂ ಎತ್ತರದ ಲೆಕ್ಕಕ್ಕೆ ಬರುತ್ತದೆ, ಒಳಗಿನ ಜಾಗ ಅಷ್ಟು ಕಡಿಮೆ. ಪಕ್ಕಕ್ಕೆ ಬಿಚ್ಚಿಕೊಳ್ಳುವ ರೆಕ್ಕೆಯ ಚೀಲಗಳು ನಿಲ್ದಾಣದಲ್ಲಿ ಕಾಯುವಾಗ ಚೆನ್ನ, ಸೀಟಿನ ಕೆಳಗೆ ಮಡಿಸಿಯೇ ಇಡಬೇಕು. ಕಪ್ಪು ಬಣ್ಣ ನನಗೆ ಬೇಡ. ಆಸ್ಟಿನ್ನಿನಲ್ಲಿ 2023ರ ಬೇಸಿಗೆಯಲ್ಲಿ ಸತತ 45 ದಿನ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಅಂಥ ಬಿಸಿಲಲ್ಲಿ ಪಾರ್ಕಿಂಗಿನಿಂದ ಟರ್ಮಿನಲ್ಲಿಗೆ ಹತ್ತು ನಿಮಿಷ ಕಪ್ಪು ಚೀಲ ಹೊತ್ತು ನಡೆದರೆ ಒಳಗೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಸೆಕ್ಯುರಿಟಿಯಲ್ಲಿ ನಾಯಿಯನ್ನು ಹೊರತೆಗೆದು, ಎತ್ತಿಕೊಂಡು ಲೋಹಶೋಧಕದ ಮೂಲಕ ನಡೆಯಬೇಕು, ಖಾಲಿ ಚೀಲ ಮಾತ್ರ ಎಕ್ಸ್‌ರೇಗೆ ಹೋಗಬೇಕು. ಗಡಿಬಿಡಿಯಲ್ಲಿ ಚೀಲದ ಜತೆ ನಾಯಿಯನ್ನೂ ಬೆಲ್ಟಿನ ಮೇಲೆ ಬಿಡುವವರಿದ್ದಾರೆ. ಆ ಸದ್ದಿಗೆ ಬೆದರಿ ಓಡುವ ನಾಯಿಯಾದರೆ ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡಿ ಎಂದು ಕೇಳಬಹುದು.

ಈಗ ಮಗಳು ಪ್ರಾಮಿಸ್ ಕೇಳಿದ ವಿಷಯ. ಅದು ಹ್ಯೂಸ್ಟನ್ನಿನಿಂದ ಹೊರಟ ಒಂದು ವಿಮಾನದಲ್ಲಿ ನಡೆದದ್ದು.

2018ರ ಮಾರ್ಚ್ 12ರಂದು ಹ್ಯೂಸ್ಟನ್ನಿನಿಂದ ನ್ಯೂಯಾರ್ಕಿನ ಲಗಾರ್ಡಿಯಾಕ್ಕೆ ಯುನೈಟೆಡ್‌ನ 1284ನೇ ವಿಮಾನ ಹೊರಟಿತ್ತು. ಹಸುಗೂಸು ಮತ್ತು ಹನ್ನೊಂದು ವರ್ಷದ ಮಗಳ ಜತೆ ಒಬ್ಬ ತಾಯಿ ಹತ್ತಿದ್ದರು. ಚೀಲದಲ್ಲಿ ಹತ್ತು ತಿಂಗಳ ಫ್ರೆಂಚ್ ಬುಲ್‌ಡಾಗ್ ಮರಿ, ಹೆಸರು ಕೊಕಿಟೊ. ಹಣ ಕಟ್ಟಿ, ನಿಯಮದಂತೆಯೇ ತಂದ ಮರಿ. ಚೀಲ ನಡುದಾರಿಗೆ ಸ್ವಲ್ಪ ಚಾಚಿಕೊಂಡಿದೆ ಎಂದು ಗಗನಸಖಿ ಅದನ್ನು ತಲೆಮೇಲಿನ ಲಗೇಜು ಪೆಟ್ಟಿಗೆಯಲ್ಲಿಡಲು ಹೇಳಿದಳು. ಒಳಗೆ ನಾಯಿಯಿದೆ ಎಂದು ತಾಯಿ ಹೇಳಿದ್ದು ಗಗನಸಖಿಗೆ ಕೇಳಲಿಲ್ಲ ಅಥವಾ ಅರ್ಥವಾಗಲಿಲ್ಲ ಎಂದು ಕಂಪನಿ ಆಮೇಲೆ ತಿಳಿಸಿತು. ಸ್ವಲ್ಪ ಹೊತ್ತು ಬೊಗಳುವುದು ಕೇಳಿಸುತ್ತಿತ್ತು, ಆಮೇಲೆ ನಿಂತಿತು ಎಂದು ಸಹಪ್ರಯಾಣಿಕರು ಹೇಳಿದರು. ಮೂರು ಗಂಟೆಗೂ ಹೆಚ್ಚಿನ ಪ್ರಯಾಣ. ನ್ಯೂಯಾರ್ಕಿನಲ್ಲಿ ಪೆಟ್ಟಿಗೆ ತೆರೆದಾಗ ಮರಿ ಸತ್ತಿತ್ತು.

ಯುನೈಟೆಡ್ ಪೂರ್ತಿ ಹೊಣೆ ಹೊತ್ತುಕೊಂಡಿತು, ಯಾವ ಪ್ರಾಣಿಯನ್ನೂ ಅಲ್ಲಿ ಇಡಕೂಡದು ಎಂದಿತು, ಪ್ರಾಣಿಯಿರುವ ಚೀಲಕ್ಕೆ ಎದ್ದುಕಾಣುವ ಬಣ್ಣದ ಚೀಟಿ ಕಟ್ಟುವುದಾಗಿ ಪ್ರಕಟಿಸಿತು. ಅದಕ್ಕಿಂತ ಹಿಂದಿನ ವರ್ಷ, 2017ರಲ್ಲಿ, ಅಮೆರಿಕದ ವಿಮಾನ ಕಂಪನಿಗಳು ಸಾಗಿಸಿದ ಪ್ರಾಣಿಗಳಲ್ಲಿ 24 ಸತ್ತಿದ್ದವು, ಅವುಗಳಲ್ಲಿ 18 ಯುನೈಟೆಡ್‌ನಲ್ಲಿ. ಹಾಗಾಗಿ ಸುದ್ದಿ ದೇಶದ ತುಂಬ ಹಬ್ಬಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಂಕಿತವಾದ ವಿಮಾನಯಾನ ಕಾಯ್ದೆಯಲ್ಲಿ, ಜೀವಂತ ಪ್ರಾಣಿಯನ್ನು ತಲೆಮೇಲಿನ ಪೆಟ್ಟಿಗೆಯಲ್ಲಿಡುವುದು ಕಾನೂನುಬಾಹಿರ ಎಂಬ ಕಲಮು ಸೇರಿತು.

ನನ್ನನ್ನು ಕಾಡುವುದು ಆ ತಾಯಿಯ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂಬುದು. ವಿಮಾನದಲ್ಲಿ ಸಿಬ್ಬಂದಿ ಹೇಳಿದ್ದನ್ನು ಕೇಳಬೇಕು ಎಂದೂ ಎಫ್‌ಎಎ ನಿಯಮ ಹೇಳುತ್ತದೆ. ಪರದೇಶದಿಂದ ಬಂದವರು, ಕೈಯಲ್ಲಿ ಕೂಸು, ಹಿಂದೆ ಸಾಲು ನಿಂತ ಜನ, ಸಮವಸ್ತ್ರದವರ ಗಟ್ಟಿ ದನಿ. ನಮ್ಮಲ್ಲಿ ಬಹಳ ಜನ "ಆಯ್ತು" ಎಂದು ಇಟ್ಟುಬಿಡುತ್ತಾರೆ. ನನ್ನ ಹಾಗೆ ಹದಿನಾಲ್ಕು ವರ್ಷ ಇಲ್ಲಿದ್ದವರೂ ಅಷ್ಟೆ. ಇನ್ನು ಮಗನನ್ನೋ ಮಗಳನ್ನೋ ನೋಡಲು ಬಂದ ಅಪ್ಪ ಅಮ್ಮಂದಿರ ಕೈಯಲ್ಲಿ ನಾಯಿಚೀಲ ಕೊಟ್ಟು ಡಲ್ಲಾಸಿನಿಂದ ಆಸ್ಟಿನ್ನಿಗೆ ಕಳಿಸುವವರೂ ಇದ್ದಾರೆ. ದಯವಿಟ್ಟು ಅವರಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿ: "ದೇರ್ ಈಸ್ ಎ ಲೈವ್ ಡಾಗ್ ಇನ್‌ಸೈಡ್." ಅದನ್ನೇ ಕಾಗದದ ಮೇಲೆ ದೊಡ್ಡದಾಗಿ ಬರೆದು ಚೀಲದ ಎರಡೂ ಕಡೆ ಪಿನ್ನು ಮಾಡಿ. ಚೀಲ ಹಿಡಿಸದಿದ್ದರೆ ಸೀಟು ಬದಲಿಸಿ ಎನ್ನಬಹುದು, ಕಡೆಗೆ ವಿಮಾನವನ್ನೇ ಬಿಟ್ಟು ಇಳಿಯಬಹುದು. ಮೇಲಿಡುವುದು ಮಾತ್ರ ಆಗದ ಮಾತು.

ಚೀಲ ನಡುದಾರಿಗೆ ಚಾಚದಂತಿರಲು ಸೀಟಿನ ಆಯ್ಕೆಯೂ ಮುಖ್ಯ. ಮುಂದೆ ಗೋಡೆಯಿರುವ ಮೊದಲ ಸಾಲು, ತುರ್ತು ಬಾಗಿಲಿನ ಸಾಲು ನಾಯಿಯಿದ್ದವರಿಗೆ ಸಿಗುವುದಿಲ್ಲ. ಹಲವು ವಿಮಾನಗಳಲ್ಲಿ ನಡುದಾರಿಯ ಪಕ್ಕದ ಸೀಟಿನ ಕೆಳಗೆ ಜಾಗ ಕಿರಿದು. ನಾನು ಕಿಟಕಿಯ ಪಕ್ಕ ಕೂರುತ್ತೇನೆ, ಅಲ್ಲಿ ಯಾರೂ ದಾಟಿಹೋಗುವುದಿಲ್ಲ. ಒಂದು ವಿಮಾನಕ್ಕೆ ಇಷ್ಟೇ ನಾಯಿ ಎಂಬ ಮಿತಿಯೂ ಇದೆ, ಸೌತ್‌ವೆಸ್ಟ್‌ನಲ್ಲಿ ಸಾಮಾನ್ಯವಾಗಿ ಆರು ಚೀಲ. ಆದ್ದರಿಂದ ನಿಮ್ಮ ಟಿಕೆಟ್ ಕೊಳ್ಳುವಾಗಲೇ ನಾಯಿಯ ಜಾಗವನ್ನೂ ಕೇಳಿ ಕಾದಿರಿಸಬೇಕು.

ತಂಗಿಯ ಮನೆಯಲ್ಲಿ ಗುಂಡ ಎಂಬ ಪಗ್ ಇದ್ದಾನೆ. ಏಳು ವರ್ಷ, ಹೆಸರಿಗೆ ತಕ್ಕ ದೇಹ, ಮಲಗಿದರೆ ಗೊರಕೆ ಬೀದಿಗೆ ಕೇಳಿಸುತ್ತದೆ. ನನ್ನ ಎರಡನೆಯ ಚೀಲ ನೋಡಿ ಅವಳಿಗೂ ಆಸೆಯಾಯಿತು. "ಅಣ್ಣ, ಇವನಿಗೂ ಒಂದು ತರಿಸು, ಕ್ರಿಸ್‌ಮಸ್ ರಜೆಗೆ ನಾವೂ ನಿಮ್ಮನೆಗೆ ವಿಮಾನದಲ್ಲೇ ಬರ್ತೀವಿ" ಎಂದಳು. ನಾನು ಮೊದಲು ಪಶುವೈದ್ಯರನ್ನು ಕೇಳು ಎಂದೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳ ಶ್ವಾಸದ ದಾರಿ ಹುಟ್ಟಿನಿಂದಲೇ ಕಿರಿದು. ಸೆಕೆಯಾದರೆ, ಗಾಬರಿಯಾದರೆ ಏದುಸಿರು ಬಿಟ್ಟು ಮೈ ತಣ್ಣಗೆ ಮಾಡಿಕೊಳ್ಳುವ ಶಕ್ತಿ ಅವಕ್ಕೆ ಕಡಿಮೆ. 2010ರಲ್ಲಿ ಅಮೆರಿಕದ ಸಾರಿಗೆ ಇಲಾಖೆ ಅದಕ್ಕೆ ಹಿಂದಿನ ಐದು ವರ್ಷಗಳ ಲೆಕ್ಕ ಹೊರಹಾಕಿತ್ತು. ವಿಮಾನಗಳಲ್ಲಿ ಸತ್ತ 122 ನಾಯಿಗಳಲ್ಲಿ ಇಂಗ್ಲಿಷ್ ಬುಲ್‌ಡಾಗ್ 25, ಪಗ್ 11. ಹೆಚ್ಚಿನವು ಸರಕಿನ ಜಾಗದಲ್ಲಿ ಹೋದವು, ನಿಜ. ಆದರೂ ಸೀಟಿನ ಕೆಳಗಿನ ಎಂಟು ಹತ್ತು ಇಂಚಿನಲ್ಲಿ ಮೂಗು ಬದಲಾಗುವುದಿಲ್ಲ.

ವೈದ್ಯರು ಗುಂಡನನ್ನು ನೋಡಿ ಬೇಡ ಎಂದರು. ನಿದ್ದೆ ಮಾತ್ರೆ ಕೊಟ್ಟು ಮಲಗಿಸಿಕೊಂಡು ಹೋದರೆ ಎಂದು ತಂಗಿ ಕೇಳಿದಳಂತೆ. ಅದಂತೂ ಕೂಡದು ಎಂದರು. ಮತ್ತು ಬರಿಸುವ ಔಷಧಿ ಉಸಿರಾಟವನ್ನೂ ರಕ್ತದೊತ್ತಡವನ್ನೂ ಕುಗ್ಗಿಸಬಹುದು, ಮೂವತ್ತು ಸಾವಿರ ಅಡಿಯ ಮೇಲೆ ನೋಡುವವರು ಯಾರು? ತಂಗಿ ನನ್ನ ಮೇಲೆ ಎರಡು ದಿನ ಮುನಿಸಿಕೊಂಡಳು, ನಾನೇ ವೈದ್ಯರಿಗೆ ಹೇಳಿಕೊಟ್ಟಿದ್ದೇನೆ ಎಂಬಂತೆ. ಡಿಸೆಂಬರಿನಲ್ಲಿ ಗುಂಡ ಕಾರಿನ ಹಿಂದಿನ ಸೀಟಿನಲ್ಲಿ ಎ.ಸಿ. ಹಾಕಿಸಿಕೊಂಡು, ದಾರಿಯಲ್ಲಿ ಎರಡು ಕಡೆ ಇಳಿದು, ಡಲ್ಲಾಸಿಗೆ ಬಂದ.

ಮೂರನೆಯ ಚೀಲ ಆಸ್ಟಿನ್ನಿನದು. ಅದರ ಪ್ರಯಾಣ ಒಂದು ಗಂಟೆಯದಲ್ಲ, ಒಂದು ದಿನದ್ದು.

ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿರುವ ಮೈಸೂರಿನ ಗೆಳೆಯ ಹನ್ನೆರಡು ವರ್ಷದ ನಂತರ ಊರಿಗೇ ಮರಳುತ್ತಿದ್ದಾನೆ. ತಂದೆಗೆ ವಯಸ್ಸಾಗಿದೆ, ತಾಯಿ ಒಬ್ಬರಿಂದ ನೋಡಿಕೊಳ್ಳಲು ಆಗುತ್ತಿಲ್ಲ. ಮನೆ ಮಾರಿದ, ಕಾರು ಮಾರಿದ, ಮಕ್ಕಳ ಶಾಲೆ ನೋಡಿದ. ಕೊನೆಗೆ ಉಳಿದದ್ದು ಬೆಲ್ಲ, ಕಂದುಬಣ್ಣದ ಡ್ಯಾಕ್ಸ್‌ಹುಂಡ್. "ನಾಯೀನ ಯಾರಿಗಾದ್ರೂ ಕೊಟ್ಟು ಬರೋದು ಅಂದ್ರೆ ಮಕ್ಕಳು ಊಟ ಬಿಡ್ತಾರೆ ಕಣೋ. ನೀನು ಚೀಲದಲ್ಲಿ ಪಿಎಚ್‌ಡಿ ಮಾಡಿದ್ದೀಯಲ್ಲ, ದಾರಿ ಹೇಳು" ಎಂದ.

ಇಲ್ಲಿ ಚೀಲಕ್ಕಿಂತ ಮೊದಲು ದಾರಿ ನೋಡಬೇಕಾಯಿತು. ಡಲ್ಲಾಸ್, ಹ್ಯೂಸ್ಟನ್ನಿನ ಕನ್ನಡಿಗರು ಊರಿಗೆ ಹೋಗಲು ದುಬೈ ಅಥವಾ ದೋಹಾ ದಾರಿ ಹಿಡಿಯುವುದು ವಾಡಿಕೆ. ಎಮಿರೇಟ್ಸ್ ಮತ್ತು ಕತಾರ್ ಏರ್‌ವೇಸ್ ಸಾಕುನಾಯಿಯನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ, ಅಂಗವಿಕಲರ ಸಹಾಯಕ ನಾಯಿ ಬೇರೆ ಮಾತು. ಬೇಟೆಗಿಡುಗವನ್ನು ಮಾತ್ರ ಕೆಲವು ದಾರಿಗಳಲ್ಲಿ ಬಿಡುತ್ತವೆ! ಗಿಡುಗಕ್ಕೆ ಜಾಗವುಂಟು, ಬೆಲ್ಲನಿಗಿಲ್ಲ. ಯುರೋಪಿನ ದಾರಿಯಲ್ಲಿ ಲುಫ್ತಾನ್ಸಾದ ನಿಯಮ ನೋಡಿದೆವು. ಕ್ಯಾಬಿನ್ನಿನಲ್ಲಿ ನಾಯಿ ಮತ್ತು ಚೀಲ ಸೇರಿ 8 ಕಿಲೊ, ಚೀಲದ ಅಳತೆ 55, 40, 23 ಸೆಂಟಿಮೀಟರ್. ಅಮೆರಿಕದ ಈ ಮೂರು ಕಂಪನಿಗಳಲ್ಲಿ ನಾವು ಅಳತೆಯ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡಿದ್ದೆವು, ಇಲ್ಲಿ ತೂಕವೂ ಬಂತು. ಬೆಲ್ಲ 6 ಕಿಲೊ 700 ಗ್ರಾಂ. ಗೆಳೆಯ ಇಷ್ಟಪಟ್ಟಿದ್ದ ಚೀಲ 1 ಕಿಲೊ 600 ಗ್ರಾಂ. ಕೂಡಿದರೆ ಮುನ್ನೂರು ಗ್ರಾಂ ಹೆಚ್ಚು.

ಒಂದೇ ಟಿಕೆಟ್ಟಿನಲ್ಲಿ ಎರಡು ಕಂಪನಿಯ ವಿಮಾನಗಳಿದ್ದರೆ ಇನ್ನೊಂದು ತೊಡಕು. ಟಿಕೆಟ್ ಯಾರದೇ ಇರಲಿ, ವಿಮಾನ ಹಾರಿಸುವವರ ನಿಯಮವನ್ನು ಪ್ರತಿ ಹಂತದಲ್ಲೂ ನೋಡಬೇಕು. ಯುನೈಟೆಡ್‌ನ 18, 11, 11 ಇಂಚು ಎಂದರೆ ಸುಮಾರು 46, 28, 28 ಸೆಂಟಿಮೀಟರ್. ಲುಫ್ತಾನ್ಸಾದ್ದು ಉದ್ದ ಅಗಲದಲ್ಲಿ ಧಾರಾಳ, ಎತ್ತರದಲ್ಲಿ ಬಿಗಿ. ಎರಡಕ್ಕೂ ಹೊಂದಬೇಕಾದರೆ ಪ್ರತಿ ಸಾಲಿನಲ್ಲೂ ಕಡಿಮೆ ಅಂಕಿಯನ್ನು ಹಿಡಿಯಬೇಕು: 46, 28, 23. ಡ್ಯಾಕ್ಸ್‌ಹುಂಡ್‌ಗೆ 23ರ ಎತ್ತರ ನಡೆಯುತ್ತದೆ, ಗಿಡ್ಡ ಕಾಲು. 46ರ ಉದ್ದ ಅದಕ್ಕೆ ಸಾಲದು, ರೈಲಿನಂಥ ಮೈ. ಆದ್ದರಿಂದ ಆಸ್ಟಿನ್ನಿನಿಂದ ಫ್ರಾಂಕ್‌ಫರ್ಟಿಗೆ, ಅಲ್ಲಿಂದ ಬೆಂಗಳೂರಿಗೆ ಒಂದೇ ಕಂಪನಿಯ ವಿಮಾನ ಎಂದು ತೀರ್ಮಾನವಾಯಿತು. ಬೆಂಗಳೂರಿನ ಹಂತದಲ್ಲೂ ನಾಯಿಯನ್ನು ಕ್ಯಾಬಿನ್ನಿನಲ್ಲೇ ಒಪ್ಪುತ್ತೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳದೆ ಹಣ ಕಟ್ಟಬೇಡ ಎಂದೆ. ಫೋನಿನಲ್ಲಿ ಹೇಳಿದ್ದು ವೋಚರ್ ಇಲ್ಲದ ಖರ್ಚಿನ ಹಾಗೆ.

ಕಾಗದಪತ್ರದ ಬಗ್ಗೆ ಊರಿನಲ್ಲಿರುವ ಮನೆಯವರೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ಓಡಾಟದ ಅರ್ಧ ಭಾಗ ಅವರ ಮೇಲೆ ಬೀಳುತ್ತದೆ. ನಾಯಿಯನ್ನು ಭಾರತಕ್ಕೆ ತರಲು ಪಶು ಸಂಪರ್ಕತಡೆ ಮತ್ತು ಪ್ರಮಾಣೀಕರಣ ಕೇಂದ್ರದ ಎನ್‌ಒಸಿ ಬೇಕು. ಇಳಿಯಲು ಅನುಮತಿಯಿರುವ ವಿಮಾನ ನಿಲ್ದಾಣಗಳು ಕೆಲವೇ, ಅವುಗಳಲ್ಲಿ ಬೆಂಗಳೂರು ಒಂದು. ವಿದೇಶದಲ್ಲಿ ಎರಡು ವರ್ಷ ನೆಲೆಸಿ ವಾಸ ಬದಲಿಸಿ ಮರಳುವವರಿಗೆ ಎರಡು ಸಾಕುಪ್ರಾಣಿ ತರಲು ಅವಕಾಶವಿದೆ. ಅಮೆರಿಕದ ಕೃಷಿ ಇಲಾಖೆ ದೃಢೀಕರಿಸಿದ ಆರೋಗ್ಯ ಪ್ರಮಾಣಪತ್ರ, ಮೈಕ್ರೊಚಿಪ್, ರೇಬಿಸ್ ಲಸಿಕೆಯ ದಾಖಲೆ ಜತೆಗಿರಬೇಕು. ಮೂರು ವಾರದ ರಜೆಗೆ ಬರುವಾಗ ನಾಯಿಯನ್ನೂ ತಂದು ತೋರಿಸಿ ಹೋಗೋಣ ಎನ್ನುವವರಿಗೆ ನನ್ನ ಸಲಹೆ ಬೇಡ ಎಂದೇ. ಮರಳಿ ಹೋಗುವುದು ಇನ್ನೂ ಕಷ್ಟ. 2024ರ ಆಗಸ್ಟ್ 1ರಿಂದ ಅಮೆರಿಕಕ್ಕೆ ಬರುವ ಪ್ರತಿ ನಾಯಿಗೂ ಆರು ತಿಂಗಳು ತುಂಬಿರಬೇಕು, ಮೈಕ್ರೊಚಿಪ್ ಇರಬೇಕು, ಸಿಡಿಸಿಯ ಅರ್ಜಿ ತುಂಬಿರಬೇಕು. ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತವಿರುವುದರಿಂದ, ಅಮೆರಿಕದಲ್ಲೇ ಲಸಿಕೆ ಹಾಕಿಸಿದ್ದು ಎಂಬ ಪ್ರಮಾಣಪತ್ರವನ್ನು ನಾಯಿ ಅಮೆರಿಕ ಬಿಡುವ ಮೊದಲೇ ಅಲ್ಲಿನ ಕೃಷಿ ಇಲಾಖೆಯಿಂದ ದೃಢೀಕರಿಸಿಕೊಂಡಿರಬೇಕು. ಬೆಂಗಳೂರಿಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಗೆಳೆಯ ಕೊನೆಗೆ 900 ಗ್ರಾಮಿನ ಚೀಲ ಕೊಂಡ. ಒಟ್ಟು 7 ಕಿಲೊ 600 ಗ್ರಾಂ. ಮಗಳು ಕದ್ದು ಹಾಕುತ್ತಿದ್ದ ದೋಸೆ ನಿಂತಿದೆ. ತಕ್ಕಡಿ ಎರಡು ಕಡೆ ಎರಡು ತೋರಿಸುವುದುಂಟು, ನಾನೂರು ಗ್ರಾಂ ಕೈಯಲ್ಲಿರಲಿ ಎಂದು ನಾನೇ ಹೇಳಿದ್ದೆ.

ಹೊರಡಲು ಇನ್ನೂ ಆರು ವಾರವಿದೆ, ಚೀಲ ಮಾತ್ರ ಆಗಲೇ ಅವರ ಊಟದ ಮೇಜಿನ ಕೆಳಗಿದೆ. ಇದು ನಾನು ಚಿನ್ನುವಿನಿಂದ ಕಲಿತದ್ದು. ಮೊದಲ ವಾರ ಬಾಗಿಲು ತೆರೆದು ಬಿಡಬೇಕು, ಒಳಗೆ ಮನೆಯವರ ಹಳೆಯ ಬನಿಯನ್ನು ಹಾಸಬೇಕು, ಊಟ ಅಲ್ಲೇ ಇಡಬೇಕು. ಆಮೇಲೆ ಐದು ನಿಮಿಷ ಜಿಪ್ಪು ಹಾಕಿ ತೆಗೆಯಬೇಕು, ಆಮೇಲೆ ಅರ್ಧ ಗಂಟೆ, ಆಮೇಲೆ ಕಾರಿನಲ್ಲಿ. ಚಿನ್ನುವಿಗೆ ಒಂದು ತಿಂಗಳು ಹಿಡಿಯಿತು. ಮೊದಲ ಸಲ ಹ್ಯೂಸ್ಟನ್ನಿಗೆ ಹಾರಿದಾಗ ವಿಮಾನ ಏರುವಾಗ ಒಮ್ಮೆ ಕುಂಯ್‌ಗುಟ್ಟಿದಳು, ಜಾಲರಿಗೆ ಬೆರಳು ತಾಗಿಸಿದೆ, ನೆಕ್ಕಿ ಮಲಗಿದಳು. ಇಳಿದ ಮೇಲೆ ಟರ್ಮಿನಲ್ಲಿನಲ್ಲೇ ನಾಯಿಗಳಿಗೆಂದು ಮಾಡಿದ ಕೋಣೆಗೆ ಕರೆದೊಯ್ದೆ. ಪ್ಲಾಸ್ಟಿಕ್ಕಿನ ಹುಲ್ಲನ್ನು ಮೂಸಿ ನೋಡಿ, ನನ್ನ ಮುಖ ನೋಡಿ, ಹೊರಗೆ ನಿಜವಾದ ಹುಲ್ಲು ಸಿಗುವವರೆಗೂ ಬಿಗಿಹಿಡಿದಳು. ಮಗಳಿಗೆ ಫೋಟೊ ಕಳಿಸಿದೆ. ತಿಪಟೂರಿನಲ್ಲಿ ಆಗ ರಾತ್ರಿ ಹನ್ನೊಂದು. ಅವಳು ಎಚ್ಚರವಾಗಿಯೇ ಕಾಯುತ್ತಿದ್ದಳು.

ಗುಂಡಗಿನ ಕಿಟಕಿಯ ಆ ಮೊದಲ ಚೀಲವನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಒಳಗೆ ಕೂದಲು ಅಂಟಿತ್ತು. ಚಳಿಗಾಲದಲ್ಲಿ ಬಂದಿದ್ದ ಅಮ್ಮ, ದುಡ್ಡು ಕೊಟ್ಟದ್ದು ಯಾಕೆ ಬಿಸಾಕಬೇಕು ಎಂದು ಅದರ ತುಂಬ ಮೊಮ್ಮಗಳ ಹಳೆಯ ಬಟ್ಟೆ ತುರುಕಿಕೊಂಡು ತಿಪಟೂರಿಗೆ ಒಯ್ದಳು. ಮೊನ್ನೆ ಫೋನಿನಲ್ಲಿ ಹೇಳಿದಳು, ಅಟ್ಟದ ಮೇಲೆ ಬೀದಿಬೆಕ್ಕೊಂದು ಅದರೊಳಗೆ ಮೂರು ಮರಿ ಹಾಕಿದೆಯಂತೆ.